ಅಕ್ಕನ ಕಾರ್ಡಿನಾಟ

ಕೊಪ್ಪದ ಬಸ್‌ ಸ್ಟ್ಯಾಂಡಿನ ಹತ್ತಿರ ಅಪ್ಪನ ಟೈಲರ್ ಅಂಗಡಿಯಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾದ ಮೇಲೆ ಅಕ್ಕ ಅಲ್ಲೇ ಕಾಜಾ ಹಾಕುತ್ತ ಕೂರುತ್ತಿದ್ದಳು. ನಾನಾಗ ಹೈಸ್ಕೂಲಿನಲ್ಲಿದ್ದೆ.

ಸಂಜೆ ಟಿ.ವಿ.ಯಲ್ಲಿ ಒಂದು ಜಪಾನಿ ಕಾರ್ಟೂನು ಹಿಂದಿಯಲ್ಲಿ ಬರುತ್ತಿತ್ತು. ಹುಡುಗರು ಕಾರ್ಡು ಇಟ್ಟರೆ ಅದರೊಳಗಿನ ರಾಕ್ಷಸರು ಎದ್ದು ಬಂದು ಹೊಡೆದಾಡುತ್ತಿದ್ದರು. ಮಾತು ನಮಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಸ್ವಲ್ಪ ದಿನಕ್ಕೆ ಅದೇ ಕಾರ್ಡುಗಳು ಫ್ಯಾನ್ಸಿ ಅಂಗಡಿಗೂ ಬಂದವು. ನನಗೆ ಚಿತ್ರ ಸಾಕಿತ್ತು. ಅಕ್ಕನಿಗೆ ಆಟ ಬೇಕಿತ್ತು. ಯಾವುದು ಯಾವುದನ್ನು ಹೊಡೆಯುತ್ತದೆ, ಸತ್ತದ್ದು ಯಾವಾಗ ತಿರುಗಿ ಬರುತ್ತದೆ ಎಂದು ಟಿ.ವಿ. ನೋಡಿ ನೋಡಿ ಅವಳೇ ನಿಯಮ ಕಟ್ಟಿದಳು.

ಭಾನುವಾರ ಅಂಗಡಿಗೆ ರಜೆ. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಆಡುವವರು ಸೇರುತ್ತಿದ್ದರು. ಶೃಂಗೇರಿಯಿಂದಲೂ ಕಾಲೇಜು ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು. ಅಕ್ಕನನ್ನು ಯಾರೂ ಸೋಲಿಸಿದ್ದು ನೆನಪಿಲ್ಲ. ನೆಂಟರ ಮನೆಯಲ್ಲಿ ಮುಖ ತಪ್ಪಿಸಿ ಓಡಾಡುತ್ತಿದ್ದವಳು ಆ ಮೇಜಿನ ಎದುರು ಕಾರ್ಟೂನಿನ ಹುಡುಗರಂತೆ ಕೂಗಿ ಕಾರ್ಡು ಇಡುತ್ತಿದ್ದಳು.

ಒಂದು ದಿನ ಕಾರ್ಟೂನಿನ ನಡುವೆ ಈ ಕಾರ್ಡಿನಾಟದ ಪಂದ್ಯದ ಜಾಹೀರಾತು ಬಂತು. ನಡೆಯುವ ಊರುಗಳಲ್ಲಿ ಮಂಗಳೂರೂ ಇತ್ತು.

"ಅಪ್ಪ, ಹೋಗಾಣ," ಎಂದಳು ಅಕ್ಕ. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಅಪ್ಪ ಅವಳಿಗೆ ಹೊಸ ಚೂಡಿದಾರ ಹೊಲಿದು, ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ.

ಅಲ್ಲಿನ ಮಾಲ್‌ನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಯುವಕ ಅಕ್ಕನ ಕಾರ್ಡೊಂದನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಡೂಪ್ಲಿಕೇಟ್. ಇದರಲ್ಲಿ ಆಡ್ಲಿಕ್ಕೆ ಆಗುದಿಲ್ಲ."

"ಎಲ್ಲದೂನಾ?"

"ಎಲ್ಲ."

"ಹಂಗಾರೆ ಬೇರೆ ಕಾರ್ಡ್ ಕೊಡಿ. ಆಟ ಬರ್ತದೆ ನಂಗೆ."

ಅವನಿಗೆ ಪಾಪ ಅನ್ನಿಸಿರಬೇಕು. ಒಂದು ಕಟ್ಟು ಅಸಲಿ ಕಾರ್ಡು ಕೊಟ್ಟು, ಪಂದ್ಯಕ್ಕೆ ಬಂದಿದ್ದ ಪುಟ್ಟ ಹುಡುಗಿಯೊಬ್ಬಳ ಎದುರು ಸುಮ್ಮನೆ ಆಡಲು ಕೂರಿಸಿದ. ಅಕ್ಕ ತನ್ನ ಮೊದಲ ಕಾರ್ಡು ಇಟ್ಟಳು.

"ಹಾಗೆ ಇಡ್ಲಿಕ್ಕಿಲ್ಲ ಅಕ್ಕಾ. ಅದು ಕಾರ್ಟೂನಲ್ಲಿ ಮಾತ್ರ," ಎಂದಳು ಹುಡುಗಿ. ಅಕ್ಕ ಅದನ್ನು ತೆಗೆದು ಇನ್ನೊಂದು ಇಟ್ಟಳು. "ಅದು ಕೂಡ ಇಲ್ಲ."

ಅಕ್ಕ ಕಾರ್ಡುಗಳನ್ನು ನೀಟಾಗಿ ಜೋಡಿಸಿ ಯುವಕನ ಕೈಗೆ ಕೊಟ್ಟಳು. ಮುಂದಿನ ಬಸ್ಸಿಗೇ ನಾವು ಮೂವರೂ ಘಾಟಿ ಹತ್ತಿ ಊರಿಗೆ ಬಂದೆವು.

ಆದರೂ ಅವಳು ಬಿಡಲಿಲ್ಲ. ನನ್ನನ್ನು ಸೈಬರ್ ಕೆಫೆಗೆ ಎಳೆದುಕೊಂಡು ಹೋಗಿ ಆಟದ ಅಸಲಿ ನಿಯಮಗಳನ್ನು ಪ್ರಿಂಟ್ ತೆಗೆಸಿದಳು. ನಾನು ಡಿಕ್ಷನರಿ ಹಿಡಿದು ಇಂಗ್ಲಿಷಿಗೆ ಅರ್ಥ ಹೇಳುತ್ತ ಹೋದೆ. ನನ್ನ ತಲೆಗೆ ಹತ್ತದ್ದು ಅವಳಿಗೆ ಹತ್ತುತ್ತಿತ್ತು. "ನಮ್ಮ ಆಟಕ್ಕಿಂತ ಇದೇ ಚೆನ್ನಾಗಿದೆ ಮಾರಾಯ್ತಿ," ಎಂದಳು. ಮಂಗಳೂರಿನಿಂದ ಬಂದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ.

ಭಾನುವಾರ ಬಂದವರಿಗೆ ಅದನ್ನೆಲ್ಲ ವಿವರಿಸಿದಳು. ಒಬ್ಬ ಆಕಳಿಸಿದ. "ಎಂತಕ್ಕೆ ಇಷ್ಟೆಲ್ಲ? ಹಳೇ ಥರಾನೇ ಆಡಾಣ," ಎಂದ ಶೃಂಗೇರಿಯಿಂದ ಬರುತ್ತಿದ್ದ ಹುಡುಗನೊಬ್ಬ.

"ಅದು ಆಟಾನೇ ಅಲ್ಲ," ಎಂದಳು ಅಕ್ಕ.

ಅವನು ಮತ್ತೆ ಬರಲಿಲ್ಲ. ಉಳಿದವರು ಮೊಬೈಲಿನ ಗೇಮು ಹಿಡಿದರು. ಕೇಬಲ್ಲಿನವನು ಆ ಚಾನೆಲ್ಲನ್ನೂ ತೆಗೆದುಬಿಟ್ಟ. ಅಕ್ಕನ ಎದುರು ಆಡಲು ಉಳಿದದ್ದು ನಾನೊಬ್ಬಳೇ. ಒಂದು ಭಾನುವಾರ ಆಟದ ನಡುವೆಯೇ ಅವಳು ಕೈಯಲ್ಲಿದ್ದ ಕಾರ್ಡುಗಳನ್ನು ಕೆಳಗಿಟ್ಟಳು.

"ನಿಂಗೆ ಇದು ಬರಲ್ಲ ಬಿಡು. ಪರೀಕ್ಷೆ ಬಂತು, ಓದ್ಕ ಹೋಗು."

"ಇನ್ನೊಂದ್ಸಲ ಹೇಳ್ಕೊಡೆ," ಎಂದೆ. ಅವಳು ಹೇಳಿಕೊಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಎನ್.ಆರ್. ಪುರದ ಕಡೆಯಿಂದ ಸಂಬಂಧ ಬಂತು. ಗಂಡಿನವರು ಹೋದ ಮೇಲೆ ಅಮ್ಮ, "ಹುಡುಗ ಹೆಂಗೆ ಕಂಡ? ಒಪ್ಪಿಗೆನಾ?" ಎಂದು ಕೇಳಿದಳು.

"ನೀವು ಹೇಳ್ದಂಗೆ," ಎಂದಳು ಅಕ್ಕ.