ನೀರು ಒಯ್ದವನು ನಾನೇ?

...ಅಥವಾ ನಾನು ಹುಕ್ಕೇರಿ ಮುಟ್ಟಿದಾಗ ಮಧ್ಯಾಹ್ನವೇ ಆಗಿರಲಿಲ್ಲವೋ ಏನೋ. ಈ ಘಟನೆಯನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ನೆನಪಿರುವುದು ನಡೆದದ್ದೋ, ನಾನು ಹೇಳಿಕೊಂಡದ್ದೋ ಖಾತ್ರಿಯಿಲ್ಲ. ಇಂಥ ಅನುಭವ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಮತ್ತೆ ಮಾಡಿ ತೋರಿಸಲಾಗದ್ದು ನಡೆದೇ ಇಲ್ಲ ಎನ್ನುವ ರಸಾಯನಶಾಸ್ತ್ರದವನು ನಾನು.

ಆಗ ನನ್ನ ಸಂಶೋಧನೆಯ ಕೊನೆಯ ವರ್ಷ. ಒಳಗೆಲ್ಲ ಅತಿಸಣ್ಣ ರಂಧ್ರಗಳಿರುವ ಹರಳಿನ ಚೌಕಟ್ಟಿನಲ್ಲಿ ತಾಮ್ರದ ಕೆಲವೇ ಪರಮಾಣುಗಳ ಗುಂಪುಗಳನ್ನು ಕೂರಿಸುವುದು ನನ್ನ ಕೆಲಸ. ಸರಿಯಾಗಿ ಕೂತರೆ ಆ ಪುಡಿ ನೇರಳಾತೀತ ದೀಪದ ಕೆಳಗೆ ಕೆಂಪಗೆ ಬೆಳಗುತ್ತದೆ. ಗುಂಪುಗಳು ಒಂದಕ್ಕೊಂದು ಅಂಟಿಕೊಂಡರೆ ಬರೀ ಕಂದು ಮಣ್ಣು. ರಮಜಾನ್ ತಿಂಗಳ ನಡುವೆ, ಮೊದಲ ಪ್ರಯತ್ನದಲ್ಲೇ, ಬೆಳಗಿತು. ಗೈಡ್ ಬೆನ್ನು ತಟ್ಟಿದರು. ಆಮೇಲೆ ಎಷ್ಟು ಸಲ ಮಾಡಿದರೂ ಕಂದೇ.

"ತಿಂಗಳೊಳಗ ನನ್ನ ಮುಂದ ಮಾಡಿ ತೋರಸು. ಇಲ್ಲಂದ್ರ ಈ ಅಧ್ಯಾಯ ತಗದ್ ಹಾಕು," ಎಂದರು ಗೈಡ್. ಅದು ಹೋದರೆ ಪ್ರಬಂಧದಲ್ಲಿ ಉಳಿಯುವುದು ಪೀಠಿಕೆ ಮಾತ್ರ. ಮೂಡಲಗಿಯ ಮನೆಯಿಂದ ಫೋನ್ ಬಂದರೆ ಎತ್ತುವುದನ್ನೂ ಬಿಟ್ಟೆ.

ಆ ಒಂದು ಸಲ ಏನು ಮಾಡಿದ್ದೆನೆಂದು ಪ್ರಯೋಗದ ನೋಟ್‌ಬುಕ್ಕನ್ನು ತಿರುತಿರುಗಿ ಓದಿದೆ. ಆ ದಿನದ ಪುಟದಲ್ಲಿ ಇಂಗ್ಲಿಷಿನ ನಡುವೆ ಕನ್ನಡದ ಒಂದು ಸಾಲು: 'ಹಸನ್ ಕಾಕಾನ ಬಾವಿ ನೀರು.' ಅಕ್ಷರ ನನ್ನದೇ. ಬರೆದ ನೆನಪಿಲ್ಲ. ಹಸನ್ ಕಾಕಾ ಹುಕ್ಕೇರಿಯಲ್ಲಿ ನನ್ನ ತಾಯಿಯ ತವರುಮನೆಯ ಪಕ್ಕದವರು, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ನಾನು ಅಲ್ಲಿಗೆ ಹೋಗಿ ಎಂಟು ವರ್ಷವಾಗಿತ್ತು. ಬೇರೆ ದಾರಿ ತೋಚದೆ, ಗೋಕಾಕದಲ್ಲಿ ಬಸ್ಸು ಬದಲಿಸಿ ಹೋದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನಕ್ಕರು.

"ಮತ್ತ ಬಂದ್ಯಾ ತಮ್ಮಾ? ಒಯ್ದ ನೀರೆಲ್ಲ ಮುಗೀತೇನು? ಅಷ್ಟು ನೀರು ಕುಡ್ಯಾಕ ಒಂಟೆ ಸಾಕೀಯೇನು ಅಲ್ಲಿ?"

"ನಾ ಬಂದಿಲ್ರಿ ಕಾಕಾ."

"ಬಂದಿಲ್ಲಂತ! ಕಣ್ಣ ಮಂಜಾಗ್ಯಾವು ಖರೆ, ತೆಲಿ ನೆಟ್ಟಗೈತಿ. ರಮಜಾನ್ ಹಿಡಿಯೂ ಮುಂಚೆ ಬಂದಿದ್ದಿ, ಬಿಳಿ ಬಾಟ್ಲಿ ತಗೊಂಡು."

ಒಳಗಿನಿಂದ ಸೊಸೆ ಕೂಗಿದರು: "ಹೌದ್ರಿ, ನಾನ ಚಾ ಮಾಡಿ ಕೊಟ್ಟಿದ್ನೆಲ್ಲ. ಸಕ್ರಿ ಭಾಳ ಆತಂತ ಅರ್ಧಾ ಬಿಟ್ರಿ."

ನಾನು ನಗಲು ಯತ್ನಿಸಿದೆ. ಕಾಕಾ ನಗಲಿಲ್ಲ. ದನಿ ತಗ್ಗಿಸಿದರು. "ಇಲ್ಲೇ ಕುಂತು ಸಣ್ಣ ಹುಡುಗನಗತೆ ಅತ್ತಿ. ಒಮ್ಮೆ ಕೆಂಪಗ ಹೊಳೀತು ಕಾಕಾ, ಮತ್ತ ಬರವಲ್ದು ಅಂದಿ. ಏನಂತ ನನಗ ತಿಳೀಲಿಲ್ಲ. ನಾಚಿಗಿ ಆಗಿ ಈಗ ಇಲ್ಲ ಅಂತೀ ಏನು?"

ಕಾಕಾ ತಾವೇ ಬಾವಿಯಿಂದ ನೀರು ಸೇದಿ ಬಾಟಲಿ ತುಂಬಿಸಿಕೊಟ್ಟರು.

ಮರಳಿ ಬಂದು ಪ್ರಯೋಗಾಲಯದ ಹಾಜರಿ ಪುಸ್ತಕ ನೋಡಿದೆ. ರಮಜಾನ್‌ಗೆ ಮುಂಚಿನ ವಾರಗಳಲ್ಲಿ ಒಂದು ದಿನವೂ ಬಿಡದೆ, ಬೆಳಿಗ್ಗೆ ಸಂಜೆ ನನ್ನ ಸಹಿ ಇದೆ. ಹುಕ್ಕೇರಿಗೆ ಹೋಗಿಬರುವಷ್ಟು ಬಿಡುವು ಎಲ್ಲೂ ಇಲ್ಲ.

ಗೈಡ್ ಎದುರು ಆ ನೀರಿನಲ್ಲೇ ಮಾಡಿದೆ. ಕಂದು. ಅವರು ಬೈಯಲಿಲ್ಲ, ದೀಪ ಆರಿಸಿ ಹೊರಗೆ ಹೋದರು. ಅಧ್ಯಾಯ ತೆಗೆದೆ. ಪದವಿ ಬರಲಿಲ್ಲ.

ಕಾಕಾನಿಗೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಸಹಿಗಳು ಸುಳ್ಳು, ನಾನು ಹೋಗಿದ್ದೆ, ಮರೆತೆ ಎಂದೇ ಇಟ್ಟುಕೊಳ್ಳೋಣ. ಆದರೆ ರಮಜಾನ್‌ಗೆ ಮುಂಚೆ ನನ್ನ ಕೈಯಲ್ಲಿ ಯಾವುದೂ ಬೆಳಗಿರಲಿಲ್ಲ, ಯಾವುದೂ ಕೆಟ್ಟಿರಲಿಲ್ಲ. ಇನ್ನೂ ಆಗದ ಸೋಲಿಗಾಗಿ ಆ ಕಟ್ಟೆಯ ಮೇಲೆ ಕೂತು ಅತ್ತವನು ಯಾರೋ, ನನಗೆ ಗೊತ್ತಿಲ್ಲ.