ಜೀಪು ಬರುವ ದಿನದ ಒಲೆ

ನಮ್ಮ ಮನೆಯಲ್ಲಿ ಅಡುಗೆಮನೆಯ ಮೇಲೇ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ತಿಪಟೂರು, ತುರುವೇಕೆರೆ ಕಡೆ ತೋಟ ಇದ್ದವರ ಮನೆಗಳೆಲ್ಲ ಆಗ ಹೀಗೇ ಇದ್ದವು. ಸಿಪ್ಪೆ ಸಮೇತ ಕಾಯಿ ಮೇಲೆ ಹಾಕಿದರೆ ವರ್ಷದ ಹತ್ತಿರ ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಅದು ಕೊಬ್ಬರಿ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯದಂತೆ ಕೆಳಗಿನ ಒಲೆಯ ಹೊಗೆ ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಯ ಸಂದಿನಲ್ಲಿ ಹಾಯ್ದು ಮೇಲೆ ಹೋಗುತ್ತಿರಬೇಕು. ಮೇಲೆ ಹೋಗುವ ಮೊದಲು ಅದು ಅಡುಗೆ ಮಾಡುವವಳ ಎದೆಯೊಳಗೆ ಹೋಗಿ ಬರುತ್ತಿತ್ತು.

ಅಡುಗೆ ಮಾಡುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅರಳಗುಪ್ಪೆ ಕಡೆಯಿಂದ ತಂದ ಹೆಣ್ಣು. ನನಗೆ ಕೊಟ್ಟಿಗೆ, ಅವಳಿಗೆ ಒಲೆ ಎಂದು ಅತ್ತೆ ಹಂಚಿದ್ದರು. ನಡುವೆ ಒಂದಷ್ಟು ದಿನ ನಾವೇ ಬದಲು ಮಾಡಿಕೊಂಡೆವು. ಹಸು ಅವಳ ಕೈಗೆ ಸೊರ ಬಿಡಲಿಲ್ಲ, ಹಾಲು ಇಳಿಸಲಿಲ್ಲ. ನನ್ನ ಸಾರನ್ನು ಗಂಡಸರು ತಟ್ಟೆಯಲ್ಲೇ ಬಿಟ್ಟು ಎದ್ದರು. ಮತ್ತೆ ಮೊದಲಿನಂತೆಯೇ ಆಯಿತು. ಮದುವೆಯಾಗಿ ಬಂದಾಗ ಗಟ್ಟಿಯಾಗಿದ್ದವಳಿಗೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಉಬ್ಬಸ ಹತ್ತಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು.

ಎಂಬತ್ತನೇ ಇಸವಿ ಆಸುಪಾಸಿನಲ್ಲಿ ಯೂನಿವರ್ಸಿಟಿಯವರು ಊರಿಗೆ ಬಂದರು. ಹಳ್ಳಿಯವರಿಗೆ ಏನು ಕಲಿಸಬೇಕು ಅನ್ನುವುದನ್ನು ಹಳ್ಳಿಯವರನ್ನೇ ಕೇಳಿ ಗೊತ್ತು ಮಾಡುತ್ತಾರಂತೆ. ಸ್ಕೂಲಿನ ಜಗಲಿಯಲ್ಲಿ ಗಂಡಸರನ್ನು ಕೂರಿಸಿ ಕೇಳಿದರು. ಗಂಡಸರು ಗೊಬ್ಬರ ಅಂದರು, ಪಂಪು ಅಂದರು. ಅವರ ಜೊತೆ ಬಂದಿದ್ದ ಒಬ್ಬ ಮೇಡಂ, ಇನ್ನೂ ಚಿಕ್ಕ ವಯಸ್ಸು, ಹೆಂಗಸರನ್ನು ಮಾತಾಡಿಸಲು ಮನೆಮನೆಗೆ ಹೊರಟರು. ನಮ್ಮ ಮನೆಗೆ ಬಂದ ದಿನ ಅತ್ತೆ ಒಂದು ಸಾವಿಗೆ ಹೋಗಿದ್ದರು. ಮೇಡಂ ಅಡುಗೆಮನೆಗೇ ಬಂದು ಮಣೆ ಮೇಲೆ ಕೂತು, ಈ ಮನೆಯಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟ ಯಾವುದು ಎಂದು ಕೇಳಿದರು. ವಾರಗಿತ್ತಿ ನನ್ನ ಮುಖ ನೋಡಿದಳು. ಆ ಮಾತನ್ನು ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ.

"ಹೊಗೆ ಕಣಕ್ಕ. ಇನ್ನೇನೂ ಬ್ಯಾಡ ಬುಡಿ. ಇದೊಂದು ಹೋದ್ರೆ ಉಸ್ರಾಡ್ಕಂಡಿರ್ತೀನಿ" ಎಂದು ಮೇಡಂಗೆ ಹೇಳಿದಳು.

ಮೇಡಂ ಅದನ್ನು ಬರೆದುಕೊಂಡರು. ನಮ್ಮ ಊರಿಗೆ ಹೊಗೆ ಇಲ್ಲದ ಒಲೆ ಕಲಿಸುವುದು ಎಂದು ನಿಶ್ಚಯವಾಯಿತು. ಮೊದಲನೆಯದನ್ನು ನಮ್ಮ ಮನೆಯಲ್ಲೇ ಹಾಕಿದರು. ಎರಡು ಕಣ್ಣಿನ ಮಣ್ಣಿನ ಒಲೆ, ಹಿಂದೆ ಒಂದು ಸಿಮೆಂಟು ಪೈಪು. ಪೈಪು ಅಟ್ಟವನ್ನು ತೂರಿ, ಹೆಂಚು ತೂರಿ ಆಕಾಶಕ್ಕೆ ಹೋಯಿತು. ನಿಮ್ಮ ಮನೆ ಬೀಡಿ ಸೇದುವುದನ್ನು ಯಾವಾಗ ಕಲಿಯಿತು ಎಂದು ದಾರಿಯಲ್ಲಿ ಹೋಗುವವರು ಮಾವನನ್ನು ಕೇಳುತ್ತಿದ್ದರು. ವಾರಗಿತ್ತಿ ಚಾಪೆ ಹಾಸಿ ಮಲಗಿ ನಿದ್ದೆ ಮಾಡಿದಳು. ಎಚ್ಚರವಾದಾಗ ಮೈದುನ ಅವಳ ಮೂಗಿನ ಹತ್ತಿರ ಕೈ ಹಿಡಿದು ಕೂತಿದ್ದನಂತೆ. ಗೊರಗೊರ ಸದ್ದು ಇಲ್ಲದ್ದಕ್ಕೆ ಅವನಿಗೆ ಭಯವಾಗಿತ್ತು.

ಆ ವರ್ಷ ಮಳೆ ಜೋರು. ಮಳೆ ನಡುವೆ ಮಾವ ಅಟ್ಟದಿಂದ ಒಂದು ಕಾಯಿ ತಂದು ಸುಲಿದು ಒಡೆದರು. ಒಳಗೆ ಬೂಷ್ಟು. ಇನ್ನೊಂದು ಒಡೆದರು, ಅದೂ ಹಾಗೇ. ಪೈಪಿಗೆಂದು ಹೆಂಚು ಕೊರೆದ ಕಡೆ ನೀರು ಸೋರುತ್ತಿತ್ತು, ಅದಕ್ಕೂ ಬೂಷ್ಟು ಬಂದಿರಬಹುದು. ಹೊಗೆ ಇಲ್ಲದ್ದಕ್ಕೂ ಬಂದಿರಬಹುದು. ಯಾವುದೆಂದು ನೋಡಲು ಇನ್ನೊಂದು ವರ್ಷ ಕಾಯಬೇಕಿತ್ತು. ಅಟ್ಟ ಕೆಟ್ಟರೆ ನಮ್ಮ ವರ್ಷವೇ ಕೆಟ್ಟ ಹಾಗೆ, ಯಾರು ಕಾಯುತ್ತಾರೆ? ಮೈದುನ ಪೈಪನ್ನು ಅಟ್ಟದ ಕೆಳಗೇ ನಿಲ್ಲಿಸಿ ನೋಡಿದ, ಹೊಗೆ ಕಾಯಿಗೆ ಮಾತ್ರ ಹೋಗಲಿ ಎಂದು. ಹೊಗೆ ಮೇಲೇರಲಿಲ್ಲ, ವಾಪಸ್ಸು ಒಲೆಯ ಬಾಯಲ್ಲೇ ಬಂತು. ಮಾವ ಪೈಪು ಕೀಳಿಸಿದರು. ಹಳೆ ಒಲೆ ಹತ್ತಿಸಿದರು. ಹೊಸ ಒಲೆಯ ಮೇಲೆ ಉಪ್ಪಿನ ಮಡಕೆ ಕೂತಿತು. ವಾರಗಿತ್ತಿ ಕಣ್ಣೀರು ಹಾಕಿದ್ದಕ್ಕೆ ಅತ್ತೆ ಅಂದರು:

"ನಾನೂ ಇದೇ ಹೊಗೆ ಕುಡ್ದು ನಾಕು ಹೆತ್ತೀನಿ. ಅರಳಗುಪ್ಪೆಯೋರ ಮೂಗೇನು ಬೆಳ್ಳೀದಾ?"

ಮಳೆ ಹಿಂದಾದ ಮೇಲೆ ಗ್ರಾಮಸೇವಕ ಬಂದು, ಒಲೆ ಹೇಗೆ ನಡೆಯುತ್ತಿದೆ ಎಂದು ಪರೀಕ್ಷೆ ಮಾಡಲು ಯೂನಿವರ್ಸಿಟಿಯವರು ಬರುತ್ತಾರೆ ಎಂದು ಹೇಳಿದ. ಮಾವನಿಗೆ ಊರ ಮುಂದೆ ಮರ್ಯಾದೆ ಹೋಗಬಾರದು. ಪೈಪು ಏರಿಸಿದರು. ಒಲೆಗೆ ಸಗಣಿ ಬಳಿದು ಕೆಮ್ಮಣ್ಣು ತೀಡಿದೆವು. ಜೀಪು ಬಂತು. ಮೇಡಂ ಜೊತೆ ದೊಡ್ಡ ಸಾಹೇಬರೊಬ್ಬರು. ಈ ಸಲ ಅತ್ತೆ, ಮಾವ, ಮೈದುನ ಎಲ್ಲರೂ ಅಡುಗೆಮನೆಯಲ್ಲಿ ನಿಂತಿದ್ದರು. ದಿನಾ ಇದರಲ್ಲೇ ಬೇಯಿಸುತ್ತೀರಾ ಎಂದು ಸಾಹೇಬರು ಕೇಳಿದ್ದಕ್ಕೆ ಅತ್ತೆ ಹೂಂ ಅಂದರು. ವಾರಗಿತ್ತಿಯನ್ನು ಕೇಳಿದ್ದಕ್ಕೆ, ಇದರಲ್ಲಿ ಬೇಯಿಸಿದರೆ ಉಸಿರು ಸಲೀಸಾಗಿರುತ್ತದೆ ಅಂದಳು. ಅದು ನಿಜವೇ. ಸಾಹೇಬರಿಗೆ ಸಂತೋಷವಾಯಿತು.

ನಮ್ಮದು ಚೆನ್ನಾಗಿ ನಡೆಯುವ ಒಲೆ ಎಂದಾದ ಮೇಲೆ ಬೇರೆ ಊರಿನವರನ್ನು ತಂದು ತೋರಿಸತೊಡಗಿದರು. ಚಿಕ್ಕನಾಯಕನಹಳ್ಳಿ ಕಡೆಯ ಹೆಂಗಸರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು. ಪ್ರತಿ ಸಲವೂ ಹಿಂದಿನ ದಿನ ಪೈಪು ಏರುತ್ತಿತ್ತು. ಹೋದ ಮೇಲೆ ಕೀಳಲು ಮೈದುನ ಒಂದೆರಡು ದಿನ ಮೈಗಳ್ಳತನ ಮಾಡುತ್ತಿದ್ದ, ಬೇಕೆಂದೇ. ಆ ದಿನಗಳಲ್ಲಿ ವಾರಗಿತ್ತಿ ಮಲಗುತ್ತಿದ್ದಳು. ಗ್ರಾಮಸೇವಕ ಕಂಡರೆ ಸಾಕು, ಮೇಡಂ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಳು. ಜೀಪಿನವರೇನು ನಿನ್ನ ತವರಿನವರಾ ಎಂದು ಕೇರಿಯವರು ಆಡಿಕೊಂಡರು.

ಒಂದು ದಿನ ಮೇಡಂ ಒಬ್ಬರೇ ಬಂದರು. ಇಲ್ಲಿಯ ಕೆಲಸ ಮುಗಿಯಿತು, ಒಳ್ಳೆ ಫಲ ಬಂದಿದೆ ಎಂದು ವರದಿ ಹೋಗಿದೆ, ಇನ್ನು ಬೇರೆ ತಾಲ್ಲೂಕು ಎಂದು ಹೇಳಿ ಹೋಗಲು ಬಂದಿದ್ದರು. ವಾರಗಿತ್ತಿ ಅವರನ್ನು ಹಿತ್ತಲಿಗೆ ಕರೆದುಕೊಂಡು ಬಂದಳು. ನಾನು ಅಲ್ಲಿ ಹುಲ್ಲು ಹಾಕುತ್ತಿದ್ದೆ.

"ತಿಂಗ್ಳಿಗೊಂದ್ಸಲ ಬಂದು ನೋಡ್ಕಂಡು ಹೋಗಿ ಅಕ್ಕ" ಅಂದಳು.

"ನಿಮ್ದು ಚೆನ್ನಾಗಿ ನಡೀತಿದೆಯಲ್ರೀ. ನಡೀದೆ ಇರೋ ಕಡೆ ನಾವು ಹೋಗ್ಬೇಕು."

"ಬರ್ದೇ ಇದ್ರೂ ಆಯ್ತು. ಬತ್ತೀವಿ ಅಂತ ಹೇಳಿ ಕಳ್ಸಿ ಸಾಕು."

ಮೇಡಂ ನಕ್ಕು ಅವಳ ಕೆನ್ನೆ ಮುಟ್ಟಿದರು. ನನಗೆ ತಡೆಯಲಾಗಲಿಲ್ಲ.

"ಅವ್ಳು ಹೇಳ್ತಿರೋದು ಒಲೆ ವಿಷ್ಯ ಕಣ್ರೀ ಮೇಡಂ. ನೀವು ಬಂದ್ರೇನೇ ಅದು ಉರಿಯೋದು" ಅಂದೆ.

ಅಟ್ಟದ ವಿಷಯ, ಬೂಷ್ಟಿನ ವಿಷಯ ಎಲ್ಲ ಹೇಳಿದೆ. ಮೇಡಂ ಕಲಗಚ್ಚಿನ ಬಾನಿಯ ಪಕ್ಕ ಕಲ್ಲಿನ ಮೇಲೆ ಕೂತುಬಿಟ್ಟರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಎಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದರೆ ಇವಳು ಏನು ಹೇಳುತ್ತಾಳೆ ಅಂದೆ. ಹೊರಗೆ ಜೀಪಿನ ಹಾರನ್ ಕೇಳಿತು, ಮೇಡಂ ಎದ್ದು ಹೋದರು.

ಮರೆತರು ಅಂದುಕೊಂಡೆ. ಮರೆತಿರಲಿಲ್ಲ. ಮುಂದಿನ ತಿಂಗಳು ಗ್ರಾಮಸೇವಕ ಬಂದು ಸೋಮವಾರ ಮೇಡಂ ಬರುತ್ತಾರಂತೆ ಅಂದ. ಪೈಪು ಏರಿತು. ಜೀಪು ಬರಲಿಲ್ಲ. ಬರುವುದಿಲ್ಲ ಎಂದು ನನಗೂ ವಾರಗಿತ್ತಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಅದರ ಮುಂದಿನ ತಿಂಗಳೂ ಹೇಳಿ ಕಳಿಸಿದರು, ಆಗಲೂ ಪೈಪು ಏರಿತು. ಮತ್ತೊಂದು ಸಲ ಹೇಳಿ ಕಳಿಸುವ ಹೊತ್ತಿಗೆ ಮಳೆ ಹಿಡಿದಿತ್ತು. ಮಾವ ಅಟ್ಟ ನೋಡಿ ಇಳಿದು, ಬರುವವರು ಬರಲಿ, ಬಂದ ಮೇಲೆ ಏರಿಸಿದರಾಯಿತು ಅಂದುಬಿಟ್ಟರು. ಮೈದುನ ಏಣಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅದನ್ನು ಕೊಟ್ಟಿಗೆಯಲ್ಲಿ ಇಟ್ಟ.

ಆ ಮಳೆಗಾಲವನ್ನು ಅವಳು ದಾಟಲಿಲ್ಲ. ತಿಪಟೂರಿನ ಆಸ್ಪತ್ರೆಗೆ ಗಾಡಿ ಕಟ್ಟಿದ್ದೆವು. ಅರ್ಧ ದಾರಿಯಲ್ಲಿ ಮೈದುನ ಎತ್ತುಗಳನ್ನು ನಿಲ್ಲಿಸಿದ. ಹಿಂದಕ್ಕೆ ತಿರುಗಿಸು ಅಂತ ನಾನೇ ಹೇಳಬೇಕಾಯಿತು.

ತಿಥಿ ಆಗಿ ನಾಲ್ಕು ದಿನಕ್ಕೆ ಗ್ರಾಮಸೇವಕ ಬಂದ. ಅವನು ರಜೆ ಮೇಲೆ ತನ್ನ ಊರಿಗೆ ಹೋಗಿದ್ದವನು, ವಿಷಯ ತಿಳಿದಿರಲಿಲ್ಲ. ಗುರುವಾರ ಮೇಡಂ ಬರುತ್ತಾರಂತೆ, ಒಲೆ ಸರಿಯಾಗಿ ಇಟ್ಟುಕೊಂಡಿರಬೇಕಂತೆ ಅಂದ. ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೋದರು. ಇನ್ನು ಹೇಳಿ ಕಳಿಸುವುದು ಬೇಡ ಎಂದು ಮೇಡಂಗೆ ತಿಳಿಸಪ್ಪ ಎಂದು ನಾನು ಹೇಳಿದೆ. ಯಾಕಮ್ಮ, ಒಲೆ ಕೆಟ್ಟಿತಾ ಎಂದು ಕೇಳಿದ. ಒಲೆ ಚೆನ್ನಾಗೇ ಇದೆ ಅಂದೆ.