ಕುಳಿತಲ್ಲಿಂದ ಏಳದ ಹೆಣ್ಣುಮಕ್ಕಳು

ಹೋದ ಬೇಸಿಗೆಯಲ್ಲಿ ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ನಾನು ಹಂಚಿದ ಕರಪತ್ರ ನೋಡಿ ಹೆಂಗಸರೆಲ್ಲ ನಕ್ಕಿದ್ದರು. (ಬಿಸಿಲಿನ ದಿನಗಳಲ್ಲಿ ಹೆಚ್ಚು ನೀರು ಕುಡಿಯಿರಿ ಎಂಬ ಬುದ್ಧಿಮಾತು. ಬರೆದವಳು ನಾನೇ.)

“ಅಕ್ಕಾರ, ಕುಡಿಯೂದು ಭಾಳ ಚಂದ ಬರದೀರಿ. ಕುಡದ ಮ್ಯಾಲ ಎಲ್ಲಿ ಹೋಗಬೇಕು, ಅದು ಹಿಂದಿನ ಪುಟದಾಗ ಐತೇನ್ರಿ?” ಎಂದವಳು ಬಿಜ್ಜರಗಿಯ ಶಾಂತವ್ವ.

ನಾನೂ ನಕ್ಕೆ. ನಗಬಾರದಿತ್ತು.

ಕಳೆದ ಗುರುವಾರ ಅವಳನ್ನು ಮತ್ತೆ ಕಂಡೆ, ವಿಜಯಪುರದ ಆಸ್ಪತ್ರೆಯೊಂದರ ವಾರ್ಡಿನಲ್ಲಿ. ನಲವತ್ತು ತುಂಬದ ಹೆಣ್ಣುಮಗಳು. ವರ್ಷಗಟ್ಟಲೆ ಮರುಕಳಿಸಿದ ಸೋಂಕು, ಹರಳು. ಒಂದು ಕಿಡ್ನಿ ಸಂಪೂರ್ಣ ಕೆಟ್ಟಿದೆ. ಇನ್ನೊಂದರ ಬಗ್ಗೆ ವೈದ್ಯರು ಭರವಸೆ ಕೊಡುತ್ತಿಲ್ಲ.

“ಎಷ್ಟ್ ಹೇಳಿದ್ರೂ ಈ ಮಂದಿ ನೀರ ಕುಡಿಯಂಗಿಲ್ಲ ನೋಡ್ರಿ. ರೂಢೀನ ಇಲ್ಲ,” ಎಂದರು ರೌಂಡ್ಸಿಗೆ ಬಂದ ವೈದ್ಯರು.

ರೂಢಿ ಇಲ್ಲವೇ? ಕುಡಿಯದಿರುವುದೇ ಇಲ್ಲಿ ಶ್ರದ್ಧೆಯಿಂದ ಕಲಿತ ರೂಢಿ.

ತಿಕೋಟಾದಿಂದ ಬಬಲೇಶ್ವರದವರೆಗೆ ಇಂಥ ಶೆಡ್ಡುಗಳಿವೆ. ಹೆಂಗಸರು ಎದುರುಬದುರು ಸಾಲಾಗಿ ಕುಳಿತು ಒಣದ್ರಾಕ್ಷಿಯಲ್ಲಿನ ಕಡ್ಡಿ, ಕಪ್ಪುಕಾಳು ಆರಿಸುತ್ತಾರೆ. ಒಬ್ಬಳು ಎದ್ದರೆ ಸಾಲಿನ ಕೆಲಸ ಹಿಂದೆ ಬೀಳುತ್ತದೆ. ಪದೇ ಪದೇ ಏಳುವವಳಿಗೆ ಮರುದಿನ ಕೂಲಿಯವರನ್ನು ಕರೆತರುವ ಟಂಟಂ ಗಾಡಿಯಲ್ಲಿ ಜಾಗವಿರುವುದಿಲ್ಲ. ಇನ್ನು ಎದ್ದು ಹೋಗುವುದಾದರೂ ಎಲ್ಲಿಗೆ? ಸುತ್ತಲಿನ ತೋಟದಲ್ಲಿ ಗಂಡಸರು ಔಷಧಿ ಹೊಡೆಯುತ್ತಿರುತ್ತಾರೆ. ಅದರಾಚೆ ಬಟ್ಟಬಯಲು. ಹೀಗಾಗಿ ಕತ್ತಲಾಗುವವರೆಗೆ ಬಾಯಿ ಕಟ್ಟುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರಿಗೆ ಅತ್ತೆಯರು ಮೊದಲು ಹೇಳಿಕೊಡುವುದು ಇದನ್ನೇ. “ಶಾಂತವ್ವ ಕುಂತಳಂದ್ರ ಏಳಂಗಿಲ್ಲ” ಎಂಬುದು ಆ ಶೆಡ್ಡಿನಲ್ಲಿ ದೊಡ್ಡ ಹೊಗಳಿಕೆಯಾಗಿತ್ತು.

ದ್ರಾಕ್ಷಿಗೆ ಅಲ್ಲಿ ನೆರಳಿನ ಪರದೆ ಇದೆ. ಗಾಳಿಯಾಡಲು ಅಳತೆಯಿಟ್ಟು ಕಟ್ಟಿದ ಅಂತಸ್ತುಗಳಿವೆ. ಹೆಣ್ಣೊಬ್ಬಳು ಮರೆಯಾಗಲು ನಾಲ್ಕು ತಗಡುಗಳಿಲ್ಲ.

ಶಾಂತವ್ವನ ಮನೆಯಲ್ಲಿ ಸರ್ಕಾರದ ನೆರವಿನಿಂದ ಕಟ್ಟಿದ ಶೌಚಾಲಯವಿದೆ. ಅವಳು ಹಗಲಿಡೀ ಇರುವುದು ಶೆಡ್ಡಿನಲ್ಲಿ! ಅಲ್ಲೇಕೆ ಶೌಚಾಲಯವಿಲ್ಲ ಎಂದು ಕೇಳಲು, ಆಸ್ಪತ್ರೆಯಿಂದ ಬಂದ ಮೇಲೆ ನಾನು ಎರಡು ಕಚೇರಿಗಳಿಗೆ ಹೋಗಿದ್ದೆ. ಶೆಡ್ಡು ಕಾರ್ಖಾನೆಯಲ್ಲ ಎಂದರು ಒಂದರಲ್ಲಿ. ಖಾಸಗಿ ಜಾಗಕ್ಕೆ ನಾವು ಕೈಹಾಕುವಂತಿಲ್ಲ ಎಂದರು ಇನ್ನೊಂದರಲ್ಲಿ. “ಹೆಂಗಸ್ರು ಕೇಳೇ ಇಲ್ಲಲ್ರಿ” ಎಂದು ನಕ್ಕರು ಶೆಡ್ಡಿನ ಮಾಲೀಕರು. ಕೇಳಿದ್ದರು. ನಗುತ್ತಾ, ನನ್ನನ್ನು. ಅದು ಬೇಡಿಕೆ ಎಂದು ಅಂದು ನನಗೂ ಹೊಳೆಯಲಿಲ್ಲ. ಈ ಪಾಪದಲ್ಲಿ ನನ್ನದೂ ಪಾಲಿದೆ.

ಮಂಚದ ಪಕ್ಕ ಶಾಂತವ್ವನ ಮಗಳು ರೇಣುಕಾ ನಿಂತಿದ್ದಳು. ಪಿಯುಸಿ ಮುಗಿಸಿದ ಹುಡುಗಿ. ಸೋಮವಾರದಿಂದ ತಾಯಿಯ ಜಾಗದಲ್ಲಿ ಕೂರುವವಳು. ಶಾಂತವ್ವ ಅವಳ ಕೈ ಹಿಡಿದುಕೊಂಡು ಹೇಳುತ್ತಿದ್ದಳು:

“ಮುಂಜಾನಿ ಅರ್ಧಾ ಕಪ್ ಚಾ ಅಷ್ಟ ಕುಡಿ. ಉಪ್ಪಿನಕಾಯಿ ಕಟಗೊಂಡ ಹೋಗಬ್ಯಾಡ, ನೀರಡಿಕಿ ಆಕ್ಕೈತಿ. ತೀರಾ ಗಂಟಲಾ ಒಣಗಿದ್ರ ಬಾಯಿ ಮುಕ್ಕಳಿಸಿ ಉಗಳಿಬಿಡು.”

“ಸುಮ್ಮ ಮಲಗ ಬೇ. ಇದನ್ನ ಮಾಡಿ ನಿನಗ ಏನ್ ಪದಕ ಸಿಕ್ಕೈತಿ?” ಎಂದಳು ಮಗಳು. ಮಾತು ಗದರಿಕೆಯದಾಗಿತ್ತು, ಕಣ್ಣು ತುಂಬಿತ್ತು.

ಶಾಂತವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ತನ್ನನ್ನು ಕೊಲ್ಲುತ್ತಿರುವುದನ್ನೇ ಮಗಳಿಗೆ ಕಾಳಜಿಯಿಂದ ಒಪ್ಪಿಸುತ್ತಿದ್ದ ಆ ತಾಯಿಯನ್ನು ನಾನು ಹೇಗೆ ತಪ್ಪೆನ್ನಲಿ? ಅವಳಿಗೆ ಗೊತ್ತಿದ್ದ ರಕ್ಷಣೆ ಅದೊಂದೇ.

ಹೊರಗೆ ಬಿಸಿಲು ಸುಡುತ್ತಿತ್ತು. ಕ್ಯಾಂಟೀನಿನಿಂದ ಒಂದು ಬಾಟಲಿ ನೀರು ತಂದು ರೇಣುಕಾಳ ಕೈಗಿತ್ತೆ. ಮುಚ್ಚಳ ತೆಗೆದಳು. ಒಂದು ಗಳಿಗೆ ನೋಡಿದಳು. ಮತ್ತೆ ಮುಚ್ಚಿದಳು.

“ಬ್ಯಾಡ್ರಿ ಅಕ್ಕಾರ. ಈಗಿಂದನ ತಡಕೊಳ್ಳೂದು ಕಲತ್ರ ಸೋಮವಾರ ಕಷ್ಟ ಆಗಂಗಿಲ್ಲ.”

ಈ ಹುಡುಗಿಗೆ ಇಂದಿಗೆ ಯಾವ ರೋಗವೂ ಇಲ್ಲ. ನಾವು ಗಮನಿಸಬೇಕಾದರೆ ಅವಳೂ ಆ ಮಂಚಕ್ಕೆ ಬಂದು ಬೀಳಲೇಬೇಕೇ?